ವೆನಿಸ್-ಆಂಸ್ಟರ್‌ಡ್ಯಾಂ ವಾದ: ಕೊಕ್ಕರ್ಣೆ ಪಾಠದ ಒಂದು ಪರಿಶೋಧನೆ

ಯುರೋಪಿನ ಎರಡು ನೀರೂರುಗಳಲ್ಲಿ ರಜೆಗೆ ಯಾವುದು ಲೇಸು ಎಂಬ ಪ್ರಶ್ನೆಯನ್ನು ಹೋಗಿ ಬಂದವರ ಮಾತು ನಂಬಿ ಬಗೆಹರಿಸಲು ಹೊರಟದ್ದೇ ಈ ಕ್ಷೇತ್ರದ ಇದುವರೆಗಿನ ದುರಂತ. ಹೋಗಿ ಬಂದವನು ಹುಟ್ಟಾ ಪಕ್ಷಪಾತಿ. ಸುರಿದ ದುಡ್ಡನ್ನು ಅವನು ಸಮರ್ಥಿಸಿಕೊಳ್ಳಲೇಬೇಕು. ಆದಕಾರಣ ಪ್ರಸ್ತುತ ಪ್ರಬಂಧವು ಎರಡೂ ಊರನ್ನು ಕಾಣದವರ ಅಭಿಪ್ರಾಯವನ್ನು ಮಾತ್ರ ಪ್ರಮಾಣವೆಂದು ಸ್ವೀಕರಿಸುತ್ತದೆ. ಅಂಥ ನಿಷ್ಪಕ್ಷಪಾತಿಗಳು ಧಾರಾಳವಾಗಿ ಸಿಗುವ ಜಾಗ ಕೊಕ್ಕರ್ಣೆ ಪೇಟೆ. ಸಿಗುವ ಹೊತ್ತು, ಗೋಳಿಬಜೆ ಬಾಣಲೆಯಿಂದ ಏಳುವ ಹೊತ್ತು.

ಸಮಸ್ಯಾಗ್ರಸ್ತ ಕುಟುಂಬದ ಸ್ಥಿತಿ ಹೀಗಿದೆ. ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್. ಅಪ್ಪಯ್ಯ, ಅಮ್ಮ ಇಬ್ಬರನ್ನೂ ಏಪ್ರಿಲ್ ರಜೆಯಲ್ಲಿ ಒಮ್ಮೆ ಯುರೋಪಿಗೆ ಕರೆದುಕೊಂಡು ಹೋಗುತ್ತೇನೆ ಎಂದು ಅವನು ಫೋನಿನಲ್ಲಿ ಬಾಯಿಬಿಟ್ಟ. ಊರು ಯಾವುದೆಂದು ನೀವೇ ಹೇಳಿ ಎಂದೂ ಸೇರಿಸಿದ. ಶಾಸ್ತ್ರ ಹುಟ್ಟಿದ್ದು ಈ ಎರಡನೇ ವಾಕ್ಯದಿಂದ.

ವೆನಿಸ್ ಪಕ್ಷವನ್ನು ವಹಿಸಿಕೊಂಡವರು ನಿವೃತ್ತ ಮೇಷ್ಟ್ರೊಬ್ಬರು. ತಾಳಮದ್ದಳೆಯಲ್ಲಿ ಅರ್ಥ ಹೇಳಿ ಪಳಗಿದವರಾದ್ದರಿಂದ ಪೀಠಿಕೆಗೇ ಒಂದು ಚಾ ಮುಗಿಯಿತು. ಅವರ ವಾದದ ಸಾರ: 15ನೇ ಶತಮಾನದ ಆದಿಯಲ್ಲಿ ವೆನಿಸ್ ರಾಜ್ಯದ ವರ್ತಕ ನಿಕೊಲೊ ಕೊಂಟಿ ವಿಜಯನಗರಕ್ಕೆ ಬಂದು ಹೋಗಿದ್ದಾನೆ. ಆಗ ನಮ್ಮ ಬಾರ್ಕೂರು ವಿಜಯನಗರದ ಒಂದು ಪ್ರಾಂತ್ಯದ ರಾಜಧಾನಿ. ಅವರ ಕಡೆಯವರು ಬಂದು ಆರುನೂರು ವರ್ಷವಾಯಿತು, ನಮ್ಮ ಕಡೆಯಿಂದ ಮರುಭೇಟಿ ಇಲ್ಲ. "ಇನ್ನೂ ಹೋಗ್ದೆ ಇದ್ರೆ ನಾಳೆ ಮುಖ ತೋರ್ಸುದ್ ಹ್ಯಾಂಗೆ?" ಮುಯ್ಯಿ ಸಿದ್ಧಾಂತವೆಂದು ಪ್ರಬಂಧಕಾರ ಹೆಸರಿಟ್ಟಿರುವುದು ಇದಕ್ಕೆ.

ಆಂಸ್ಟರ್‌ಡ್ಯಾಂ ಪಕ್ಷದ್ದು ವಸೂಲಿ ಸಿದ್ಧಾಂತ. ಮಂಡಿಸಿದವರು ಅಡಿಕೆ ವ್ಯಾಪಾರಿ, ಸಹಜವೇ. 1602ರಲ್ಲಿ ಹುಟ್ಟಿದ ಡಚ್ ಕಂಪನಿ ಅದೇ ಶತಮಾನದಲ್ಲಿ ಬಸ್ರೂರಿನಲ್ಲಿ ಕೋಠಿ ಇಟ್ಟು ನಮ್ಮ ಅಕ್ಕಿ, ಮೆಣಸು ಹೊತ್ತಿತು. ಆ ದುಡ್ಡಿನಲ್ಲಿ ಕಾಲುವೆಯ ದಂಡೆಗೆ ಎಂಥೆಂಥ ಮನೆ ಎದ್ದಿವೆಯೋ, ಹೋಗಿ ಕಂಡಾದರೂ ಬರುವುದು ಬೇಡವೇ? ಮೇಷ್ಟ್ರು ಬಿಡಲಿಲ್ಲ. ವಾಸ್ಕೋ ಡ ಗಾಮ 1498ರಲ್ಲಿ ಬಂದು ದಾರಿ ಕೆಡಿಸುವವರೆಗೆ ಮಲೆನಾಡಿನ ಮೆಣಸು ಅರಬರ ಕೈದಾಟಿ ಯುರೋಪಿಗೆ ಹಂಚಿಹೋಗುತ್ತಿದ್ದುದೇ ವೆನಿಸ್ಸಿನ ಅಂಗಡಿಯಿಂದ. ಹಾಗಾಗಿ ಹಳೆ ಬಾಕಿ ಅಲ್ಲಿಯೇ ಜಾಸ್ತಿ ಎಂದರು. ಬಡ್ಡಿ ಲೆಕ್ಕಕ್ಕೆ ಇಳಿದ ಮೇಲೆ ಎರಡು ಊರೂ ಕೊಕ್ಕರ್ಣೆಗೆ ಸಮಾನ ಋಣಿಗಳೆಂದು ತೀರ್ಮಾನವಾಗಿ ಇತಿಹಾಸ ಪ್ರಮಾಣ ಅಲ್ಲಿಗೆ ಬಿದ್ದುಹೋಯಿತು.

ಸಂಖ್ಯಾಶಾಸ್ತ್ರದಲ್ಲಿ ಮಾತ್ರ ಆಂಸ್ಟರ್‌ಡ್ಯಾಮಿನದು ಮೇಲುಗೈ. ಅಲ್ಲಿನ ಡ್ಯಾಂ ಚೌಕದ ಅರಮನೆ ನಿಂತಿರುವುದು ಕೆಸರಿಗೆ ಹೊಡೆದ 13,659 ಮರದ ಕಂಬಗಳ ಮೇಲೆ. ಆ ಸಂಖ್ಯೆ ನೆನಪಿಡಲು ಅಲ್ಲಿಯ ಶಾಲಾಮಕ್ಕಳಿಗೆ ಕಲಿಸುವ ಉಪಾಯ ವರ್ಷದ ದಿನಗಳದ್ದು: 365 ಬರೆ, ಹಿಂದೆ ಒಂದು 1, ಮುಂದೆ ಒಂದು 9. ಬಾರ್ಕೂರಿನಲ್ಲಿ ದಿನಕ್ಕೊಂದರಂತೆ 365 ದೇವಸ್ಥಾನ ಇದ್ದವೆಂಬ ಮಾತು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಇಷ್ಟು ಸಾಮ್ಯ ಆಕಸ್ಮಿಕವಾಗಿರಲು ಸಾಧ್ಯವಿಲ್ಲ. 1 ಮತ್ತು 9 ಎಲ್ಲಿಂದ ಬಂದವೆಂಬುದಕ್ಕೆ ಪ್ರತ್ಯೇಕ ಸಂಪುಟ ಬೇಕು.

ಇಷ್ಟರಲ್ಲಿ ಮೇಜಿನ ಮೇಲಿದ್ದ ಯುರೋಪಿನ ನಕಾಶೆಯ ಮೇಲೆ ಯಾರೋ ಬಜೆಯ ಕಾಗದ ಇಟ್ಟರು. ಎಣ್ಣೆ ಮೊದಲು ಹಾಲೆಂಡಿನಲ್ಲಿ ರೂಪಾಯಿ ಅಗಲ ನಿಂತು, ಆಮೇಲೆ ಜರ್ಮನಿಯ ಕಡೆ ನಿಧಾನಕ್ಕೆ ಹರಿಯಿತು. ದೀಪಕ್ಕೆ ಎಣ್ಣೆ ಬಿದ್ದ ಹಾಗೆ, ಶುಭಶಕುನವೆಂದು ಅಡಿಕೆಯವರು. ಊರು ಮುಳುಗುವ ಸೂಚನೆಯೆಂದು ಮೇಷ್ಟ್ರು. ತೈಲಪ್ರಮಾಣವು ಉಭಯಪಕ್ಷಕ್ಕೂ ಸಲ್ಲುತ್ತದೆಂಬುದು ಪ್ರಬಂಧಕಾರನ ಮತ.

ನೀರಿನ ವಿಚಾರದಲ್ಲಿ ಅಮ್ಮನ ಸಾಕ್ಷ್ಯ ಬಹಳ ಮೌಲಿಕವಾದದ್ದು. "ನೀರ್ ಕಾಂಬುಕೆ ಲಕ್ಷಗಟ್ಲೆ ಖರ್ಚ್ ಮಾಡುಕಿತ್ತಾ? ಆಟಿ ತಿಂಗ್ಳಗೆ ಜಗ್ಲಿ ಮೇಲ್ ಕೂಕಂಡ್ರೆ ಸಾಕಲ್ದಾ?" ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಜುಬಾಜು ಮಳೆ ಹೊಯ್ಯುವ, ಸೀತಾನದಿ ತುಂಬಿದರೆ ಗದ್ದೆಯೇ ಹೊಳೆಯಾಗುವ ಸೀಮೆಯವರಿಗೆ ಒದ್ದೆ ಊರು ತೋರಿಸುವುದು ಮಗನ ಅವಿವೇಕವೇ ಸರಿ. ಆದರೆ ವೆನಿಸ್ಸಿನವರ ನೀರು ಮೇಲಿಂದ ಬರುವುದಲ್ಲ, ಕಡಲಿನಿಂದ ಏರುವುದು. 2019ರ ನವೆಂಬರ್ 12ರ ರಾತ್ರಿ ಭರತ 187 ಸೆಂಟಿಮೀಟರಿಗೆ ಏರಿತ್ತು; ಅದಕ್ಕಿಂತ ಮೇಲೆ ಹೋದದ್ದು 1966ರ 194 ಒಂದೇ. ತಡೆಯಲು ಅವರು ಲಗೂನಿನ ಮೂರು ಬಾಯಿಗೆ 78 ಬಾಗಿಲು ಕೂರಿಸಿದ್ದಾರೆ. ಬೇಕಾದಾಗ ಏಳುತ್ತವೆ, ಬೇಡವಾದಾಗ ತಳದಲ್ಲಿ ಮಲಗುತ್ತವೆ. ಮೊದಲ ಸಲ ನೀರು ತಡೆದದ್ದು 2020ರ ಅಕ್ಟೋಬರ್ 3ರಂದು.

ಇದನ್ನು ಕೇಳಿ ಇಡೀ ಹೋಟೆಲು ನಕ್ಕಿತು. ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕುವುದು, ತೆಗೆಯುವುದು, ಹಾಕಬೇಕಾದಾಗ ಹಲಗೆ ಸಿಗದಿರುವುದು ಇವೆಲ್ಲ ಇಲ್ಲಿಯ ಮಕ್ಕಳಿಗೂ ಗೊತ್ತಿರುವ ವಿದ್ಯೆ. ಆ ಕಾಮಗಾರಿಗೆ ಐನೂರು ಕೋಟಿ ಯೂರೋ ದಾಟಿ ಖರ್ಚಾಯಿತು, ಹಗರಣದಲ್ಲಿ 2014ರಲ್ಲಿ ಮೇಯರನ್ನೇ ಬಂಧಿಸಿದರು ಎಂದಾಗ ನಗು ನಿಂತು, ವೆನಿಸ್ಸಿನ ಬಗ್ಗೆ ಒಂದು ಬಗೆಯ ನೆಂಟಸ್ತಿಕೆ ಮೂಡಿದ್ದನ್ನು ದಾಖಲಿಸುವುದು ಕರ್ತವ್ಯ.

ಆದರೂ ಶಾಸ್ತ್ರದ ದಿಕ್ಕು ತಿರುಗಿಸಿದ್ದು ಗಂಟುನೋವು. ವೆನಿಸ್ಸಿನಲ್ಲಿ ನಾನೂರಕ್ಕೂ ಮಿಕ್ಕಿ ಸೇತುವೆ, ಹೆಚ್ಚಿನವಕ್ಕೆ ಮೆಟ್ಟಿಲು. ಕಾರಿಲ್ಲ, ಆಟೋ ಇಲ್ಲ. ಗೊಂಡೊಲದಲ್ಲಿ ಕೂತೇ ನೋಡೋಣವೆಂದರೆ ಹಗಲು ಅರ್ಧ ಗಂಟೆಗೆ ಸರಕಾರಿ ದರವೇ 90 ಯೂರೋ. ಅಮ್ಮ ಉಡುಪಿ ಬಸ್ಸಿನ ಫುಟ್‌ಬೋರ್ಡ್ ಹತ್ತುವಾಗ ಸೆರಗು ಸೊಂಟಕ್ಕೆ ಸಿಕ್ಕಿಸಿ, ಎಡಗಾಲು ಮೊದಲಿಟ್ಟು, ಬಲಗೈ ಕಂಡಕ್ಟರನಿಗೆ ಕೊಡುತ್ತಾರೆ. ಅವನು "ಹ್ವಾಯ್, ಬನ್ನಿ ಬನ್ನಿ" ಎಂದು ಎಳೆದುಕೊಳ್ಳುತ್ತಾನೆ. ನಾನೂರು ಸೇತುವೆಗೆ ನಾನೂರು ಕಂಡಕ್ಟರರನ್ನು ಎಲ್ಲಿಂದ ತರುವುದು? ಆಂಸ್ಟರ್‌ಡ್ಯಾಮಿನ ಸೇತುವೆಗಳಿಗೆ ಮೆಟ್ಟಿಲಿಲ್ಲ, ಸೈಕಲ್ ಹೋಗುವಂತೆ ಇಳಿಜಾರು. ಜನರಿಗಿಂತ ಸೈಕಲ್ಲೇ ಹೆಚ್ಚಿರುವ ಊರದು, ವರ್ಷವರ್ಷ ಸಾವಿರಾರು ಸೈಕಲ್ಲುಗಳನ್ನು ಕಾಲುವೆಯಿಂದ ಎತ್ತುತ್ತಾರೆ. ಬಿದ್ದವರು ಏನಾದರೆಂದು ಅಪ್ಪಯ್ಯ ವಿಚಾರಿಸಿದರು. ಉತ್ತರ ಬರಲಿಲ್ಲ.

ಈ ಹಂತದಲ್ಲಿ ಏಳನೇ ಕ್ಲಾಸಿನ ಮೊಮ್ಮಗಳು, ಇಟಲಿ, ಹಾಲೆಂಡ್ ಎರಡಕ್ಕೂ ಒಂದೇ ಷೆಂಗೆನ್ ವೀಸಾ ಸಾಕು, ಎರಡೂ ಊರಿಗೆ ಹೋಗಬಹುದಲ್ಲ ಎಂದಳು. ವಿದ್ವತ್ತಿಗೆ ಇದಕ್ಕಿಂತ ದೊಡ್ಡ ಅಪಾಯವಿಲ್ಲ. ಆಕೆಯನ್ನು ಕೂಡಲೇ ಬಜೆ ತರಲು ಕಳುಹಿಸಲಾಯಿತು. ಆದರೆ ಮಾತು ಹೊರಬಿದ್ದಾಗಿತ್ತು. ಪುಣ್ಯಕ್ಕೆ ವೀಸಾ ನಿಯಮವೇ ವಾದವನ್ನು ಉಳಿಸಿಕೊಟ್ಟಿತು: ಹೆಚ್ಚು ದಿನ ಎಲ್ಲಿ ಉಳಿಯುತ್ತೀರೋ ಆ ದೇಶಕ್ಕೆ ಅರ್ಜಿ, ದಿನ ಸಮವಾದರೆ ಮೊದಲು ಕಾಲಿಡುವ ದೇಶಕ್ಕೆ. ಹಾಗಾದರೆ ಮೊದಲ ಕಾಲು ಎಲ್ಲಿ? ಬೆಂಗಳೂರಿನಿಂದ ಆಂಸ್ಟರ್‌ಡ್ಯಾಮಿಗೆ ನೇರ ವಿಮಾನ ಉಂಟು, ಸರಿ. ಆದರೆ ಅಲ್ಲಿಯ ಸ್ಕಿಪೋಲ್ ನಿಲ್ದಾಣ ಇರುವುದು ಸಮುದ್ರಮಟ್ಟಕ್ಕಿಂತ ಕೆಳಗೆ. ವಿದೇಶದಲ್ಲಿಡುವ ಮೊದಲ ಹೆಜ್ಜೆಯೇ ಪಾತಾಳಕ್ಕೆ ಆಗಬಹುದೇ ಎಂದು ಮೇಷ್ಟ್ರು ಮತ್ತೆ ಪೀಠಿಕೆ ಹಾಕಿದರು. ವೀಸಾಕ್ಕೆ ತಲಾ 90 ಯೂರೋ, ಮೇಲೆ 30,000 ಯೂರೋ ಮೊತ್ತದ ವಿಮೆ ಎಂದು ಮಗ ಫೋನಿನಲ್ಲಿ ಓದಿ ಹೇಳಿದ. ಆ ವಿಮೆಯಲ್ಲಿ ಗಂಟುನೋವು ಬರುತ್ತದೆಯೇ ಎಂದಷ್ಟೇ ಅಮ್ಮ ಕೇಳಿದರು.

ಪ್ರಬಂಧಕಾರ ಸಿದ್ಧಾಂತ ಬರೆಯಲು ಕೂತ ದಿನವೇ ಮಂದಾರ್ತಿಯಿಂದ ಸುದ್ದಿ ಬಂತು. ಎಷ್ಟೋ ವರ್ಷದ ಹಿಂದೆ ಅಪ್ಪಯ್ಯ ಹೇಳಿಕೊಂಡಿದ್ದ ಹರಕೆ ಆಟಕ್ಕೆ ಮೇಳದ ಸರದಿ ಸಿಕ್ಕಿದೆ, ದಿನ ಏಪ್ರಿಲಿನಲ್ಲಿ. ಯುರೋಪು ಎಲ್ಲಿಗೂ ಓಡಿ ಹೋಗುವುದಿಲ್ಲ, ಈ ಸರದಿ ತಪ್ಪಿದರೆ ಮುಂದಿನದು ಮೊಮ್ಮಗಳ ಕಾಲಕ್ಕೆ. ಮಗ ಟಿಕೆಟ್ ಬದಲು ಶಾಮಿಯಾನದ ಮುಂಗಡಕ್ಕೆ ದುಡ್ಡು ಕಳಿಸಿದ. ಸಂಜೆ ಅದೇ ಮೇಜಿಗೆ ಅದೇ ಪಂಡಿತರು ಸೇರಿದರು. ಪ್ರಸಂಗ ಯಾವುದು, ಚಂದ್ರಹಾಸ ಚರಿತ್ರೆಯೋ ಗದಾಯುದ್ಧವೋ? ಅಡಿಕೆಯವರು ಚಂದ್ರಹಾಸನ ಕಡೆ. ಮೇಷ್ಟ್ರದು ಗದಾಯುದ್ಧ, ಅದರಲ್ಲಿ ಕೌರವ ಕೊಳದಲ್ಲಿ ಮುಳುಗಿ ಕೂರುವ ಸಂದರ್ಭ ಇದೆಯಲ್ಲ, ನೀರು ಬೇಕೆಂದವರಿಗೆ ಅಷ್ಟು ಸಾಕು ಎಂದರು.