ತೊಳೆದುಕೊಳ್ಳುವ ಜಾಣ ಜರಡಿ

ಸುತ್ತ ಕಣ್ಣು ಹಾಯುವಷ್ಟೂ ನೀರಿದ್ದರೂ ಬೋಟಿನ ಎಂಜಿನ್ ನೀರಿಲ್ಲದೆ ಕೆಂಡವಾಗಬಹುದು. ಅದಕ್ಕೆ ಒಂದು ಪ್ಲಾಸ್ಟಿಕ್ ಚೀಲ ಸಾಕು. ಎಂಜಿನ್ ತಣ್ಣಗಿರಲೆಂದು ಪಂಪು ತಳದ ತೂತಿನಿಂದ ಕಡಲ ನೀರು ಎಳೆಯುತ್ತದೆ. ಜೊತೆಗೆ ಪಾಚಿ, ಜೆಲ್ಲಿ ಫಿಶ್, ನಮ್ಮ ಕುರುಕಲು ತಿಂಡಿಯ ಪೊಟ್ಟಣ ಎಲ್ಲವೂ ಟಿಕೆಟ್ಟಿಲ್ಲದೆ ನುಗ್ಗುತ್ತವೆ. ಇವನ್ನು ತಡೆಯುವ ಜರಡಿಗೆ ಸ್ಟ್ರೈನರ್ ಎನ್ನುತ್ತಾರೆ.

ಕಸ ತುಂಬಿದ ಜರಡಿಯನ್ನು ಕೈಯಾರೆ ತೊಳೆಯುವಾಗ ಮೊದಲು ನೀರು ಒಳಬರುವ ವಾಲ್ವ್ ಮುಚ್ಚಬೇಕು, ಆಮೇಲೆ ಮುಚ್ಚಳ ಬಿಚ್ಚಬೇಕು. ಕ್ರಮ ತಪ್ಪಿದರೆ ಕಡಲೇ ಒಳಗೆ ಬರುತ್ತದೆ. ಮತ್ತೆ ವಾಲ್ವ್ ತೆರೆಯಲು ಮರೆತರೆ ಪಂಪಿನೊಳಗೆ ನೀರು ತಳ್ಳುವ ರಬ್ಬರ್ ಚಕ್ರ, ಅಂದರೆ ಇಂಪೆಲ್ಲರ್, ಚಿಂದಿ! ಈ ಕೆಲಸ ಒದಗುವುದೋ, ಅಲೆ ಎದ್ದಾಗಲೇ, ಬಿಸಿ ಎಂಜಿನ್ನಿನ ಪಕ್ಕದಲ್ಲೇ.

ಅದಕ್ಕೇ ತನ್ನನ್ನು ತಾನೇ ತೊಳೆದುಕೊಳ್ಳುವ ಸ್ಟ್ರೈನರ್ ಬಂದಿದೆ. ಕೆಲವುಗಳಲ್ಲಿ ಮೋಟರು ಬ್ರಷ್ ತಿರುಗಿಸಿ ಕಸ ಕೆರೆಯುತ್ತದೆ. ಕೆಲವುಗಳಲ್ಲಿ ನೀರು ಹಿಮ್ಮುಖವಾಗಿ ಹರಿದು ಕಸವನ್ನು ಹೊರದೂಡುತ್ತದೆ. ಜರಡಿಯ ಆಚೆ ಈಚೆ ಒತ್ತಡದ ವ್ಯತ್ಯಾಸ ಹೆಚ್ಚಿದೊಡನೆ, ಯಾರೂ ಹೇಳದೆಯೇ ಕೆಲಸಕ್ಕಿಳಿಯುವಂಥವೂ ಇವೆ. ಉಂಡ ತಟ್ಟೆ ಎತ್ತದ ಗಂಡಸರಿಗೆ ಇದನ್ನೊಮ್ಮೆ ತೋರಿಸಬೇಕು!

ಆದರೆ ಬ್ರಷ್ ಸವೆಯುತ್ತದೆ, ಮೋಟರಿಗೆ ಕರೆಂಟು ಬೇಕು, ದೊಡ್ಡ ಚೀಲವೊಂದು ಹೊರಗಿನ ತೂತಿಗೇ ಅಂಟಿಕೊಂಡರೆ ಒಳಗಿನ ಜಾಣತನ ನಡೆಯದು. ಆದ್ದರಿಂದ ಮಲ್ಪೆಗೋ ಕಾರವಾರಕ್ಕೋ ಹೋದಾಗ ಕಸವನ್ನು ಬುಟ್ಟಿಗೇ ಹಾಕಿ ಮಾರಾಯ್ರೆ. ಕಡಲಿಗೆ ಬೀಳದ ಕಸವನ್ನು ಯಾವ ಜರಡಿಯೂ ತಡೆಯಬೇಕಿಲ್ಲ.