ಗೋವಿನಕೋವಿಯಲ್ಲಿ ಪೋರ್ಚುಗೀಸ್ ಪಾನಭೋಜನ ಪರಂಪರೆ: ಒಂದು ಮರುಶೋಧ

ಪೋರ್ಚುಗೀಸರ ವೈನನ್ನೂ ಊಟವನ್ನೂ ಸವಿಯಬೇಕಾದರೆ ಲಿಸ್ಬನ್ನಿಗೋ ಪೋರ್ಟೊಗೋ ಹೋಗಬೇಕೆಂಬುದು ಬೆಂಗಳೂರಿನ ಪ್ರವಾಸಪ್ರಿಯರಲ್ಲಿ ಬೇರೂರಿರುವ ಮೂಢನಂಬಿಕೆ. ವೀಸಾಕ್ಕೆ ಅಲೆದು, ವಿಮಾನದಲ್ಲಿ ಮಂಡಿ ಮಡಚಿ ಕೂತು ಅವರು ಹುಡುಕಿಕೊಂಡು ಹೋಗುವುದೆಲ್ಲ ದಾವಣಗೆರೆ ಜಿಲ್ಲೆ ನ್ಯಾಮತಿ ತಾಲ್ಲೂಕಿನ ಗೋವಿನಕೋವಿಯಲ್ಲಿ ಕೆಂಪು ಬಸ್ಸಿನ ಚಾರ್ಜಿಗೆ ಸಿಗುತ್ತದೆ. ಇಷ್ಟು ದೊಡ್ಡ ಸಂಗತಿ ವಿದ್ವಾಂಸರ ಕಣ್ಣಿಗೆ ಬೀಳದಿರಲು ಕಾರಣ ಸರಳ. ಅವರಲ್ಲಿ ವೈನ್ ಕುಡಿಯುವವರು ಗೋವಿನಕೋವಿಗೆ ಹೋಗುವುದಿಲ್ಲ. ಗೋವಿನಕೋವಿಗೆ ಹೋಗುವವರು ವೈನ್ ಕುಡಿದದ್ದನ್ನು ಒಪ್ಪಿಕೊಳ್ಳುವುದಿಲ್ಲ. ಎರಡನ್ನೂ ನಿಸ್ಸಂಕೋಚವಾಗಿ ಮಾಡಬಲ್ಲ ಪ್ರಸ್ತುತ ಪ್ರಬಂಧಕಾರನ ಮೇಲೆ ಈ ಹೊಣೆ ತಾನಾಗಿಯೇ ಬಂದು ಬಿದ್ದಿದೆ.

ಸ್ಥಳನಾಮ ವಿಚಾರ

ಊರಿನ ಹೆಸರನ್ನು ಎಳೆದಾಡದೆ ಯಾವ ಗಂಭೀರ ಸಂಶೋಧನೆಯೂ ಶುರುವಾಗಕೂಡದು. ಗೋವಿನಕೋವಿ ಎಂದರೇನು? ಗೋವಿನ ಕೋವಿ. ಹಸುವಿಗೆ ಬಂದೂಕು ಏತಕ್ಕೆ? ಹಸು ಬಂದೂಕು ಹಿಡಿದ ಉಲ್ಲೇಖ ಶಾಸನಗಳಲ್ಲಾಗಲಿ ಪೊಲೀಸ್ ಠಾಣೆಯಲ್ಲಾಗಲಿ ಪ್ರಬಂಧಕಾರನಿಗೆ ದೊರೆತಿಲ್ಲ. ಆದ್ದರಿಂದ ‘ಗೋವಿನ’ ಎಂಬುದು ‘ಗೋವೆಯ’ ಎಂಬುದರ ಅಪಭ್ರಂಶವೆಂದು ಒಪ್ಪದೆ ಗತ್ಯಂತರವಿಲ್ಲ. ಗೋವೆಯ ಕೋವಿ!

ಆಧಾರ ಕೇಳುವ ಕೆಟ್ಟ ಚಾಳಿಯವರಿಗಾಗಿ ಇಷ್ಟು ಹೇಳಬಹುದು. ಅಫೊನ್ಸೊ ದ ಅಲ್ಬುಕರ್ಕ್ ಗೋವೆಯನ್ನು ಹಿಡಿದದ್ದು 1510ರಲ್ಲಿ. ಹತ್ತು ವರ್ಷದ ಮೇಲೆ ಕೃಷ್ಣದೇವರಾಯ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದಾಗ ಕ್ರಿಸ್ತೊವಾವ್ ದ ಫಿಗೆರೆದೊ ಎಂಬ ಪೋರ್ಚುಗೀಸ ತನ್ನ ಕೋವಿಯವರನ್ನು ಕಟ್ಟಿಕೊಂಡು ಬಂದು, ಗೋಡೆಯ ಮೇಲೆ ತಲೆಯೆತ್ತಿದವರನ್ನೆಲ್ಲ ಹೊಡೆದುರುಳಿಸಿದ. ಅಲ್ಲಿಗೆ ಗೋವೆಯ ಕೋವಿ ತುಂಗಭದ್ರೆಯ ಸೀಮೆಗೆ ಬಂದದ್ದು ಸಿದ್ಧವಾಯಿತು. ರಾಯಚೂರಿನಿಂದ ಅದು ಗೋವಿನಕೋವಿಗೆ ಹೇಗೆ ಬಂತೆಂಬುದು ತೀರ ಸಣ್ಣ ವಿವರ. ಹೊಳೆಯ ದಂಡೆ ಹಿಡಿದು ಮೇಲಕ್ಕೆ ನಡೆದುಕೊಂಡು ಬಂದಿರಬೇಕು.

ಪೂರಕ ಸಾಕ್ಷಿಯೂ ಉಂಟು. ಮಳೆಗಾಲದಲ್ಲಿ ಈ ಜಿಲ್ಲೆಯ ಹೊಲಗಳನ್ನು ಮುಚ್ಚಿಬಿಡುವ ಮೆಕ್ಕೆಜೋಳಕ್ಕೆ ಹಾವೇರಿ, ಧಾರವಾಡದ ಕಡೆ ಗೋವಿನಜೋಳ ಎನ್ನುತ್ತಾರೆ. ಅದು ಅಮೆರಿಕ ಖಂಡದ ಬೆಳೆ, ಹಡಗು ಹತ್ತಿ ಬಂದದ್ದು. ಜೋಳ ಗೋವೆಯಿಂದ ಬರಬಹುದಾದರೆ ಕೋವಿಗೇನು ಅಡ್ಡಿ? ಈ ವಾದವನ್ನು ಬಸ್ ಕಾಯುತ್ತಿದ್ದ ಹಿರಿಯ ವಕ್ತೃವೊಬ್ಬರ ಮುಂದಿಟ್ಟಾಗ ಅವರು, “ಗೋವು ಅಂದ್ರೆ ದನ ಅಲ್ವೇನ್ರೀ, ಇದ್ರಾಗೆ ಸಂಶೋಧನೆ ಮಾಡಾದೇನೈತಿ?” ಎಂದರು. ಹೇಳಿಕೆಯನ್ನು ಅನುಬಂಧದಲ್ಲಿ ಸೇರಿಸಿದೆ. ಅನುಬಂಧವನ್ನು ಮುದ್ರಿಸುತ್ತಿಲ್ಲ.

ಸೀಮಾ ನಿರ್ಣಯ

ವೈನಿನ ರುಚಿ ನೆಲದಿಂದ ಬರುತ್ತದೆ, ಆದ್ದರಿಂದ ನೆಲದ ಗಡಿ ಖಚಿತವಿರಬೇಕು ಎಂದು ಬಲ್ಲವರು ಹೇಳುತ್ತಾರೆ. ಪೋರ್ಟ್ ವೈನಿನ ದ್ರಾಕ್ಷಿ ಬೆಳೆಯುವ ದೌರೊ ನದಿಯ ಕಣಿವೆಗೆ ಪೊಂಬಾಲನೆಂಬ ಮಂತ್ರಿ 1756ರಲ್ಲೇ ಗಡಿ ಗೊತ್ತುಮಾಡಿ, ಆಮೇಲೆ ಕಲ್ಲೂ ನೆಡಿಸಿದ. ನಮ್ಮಲ್ಲಿ ಈ ಶಾಸ್ತ್ರ ಇನ್ನೂ ಮುಂದುವರಿದಿದೆ. ಗೋವಿನಕೋವಿ 1997ರ ತನಕ ಶಿವಮೊಗ್ಗ ಜಿಲ್ಲೆಯಲ್ಲಿತ್ತು, ಆಮೇಲೆ ದಾವಣಗೆರೆಗೆ ಸೇರಿತು. ಹೊನ್ನಾಳಿ ತಾಲ್ಲೂಕಿನಲ್ಲಿತ್ತು, ಈಗ ನ್ಯಾಮತಿಯಲ್ಲಿದೆ. ಕೂತಲ್ಲಿಂದ ಏಳದೆ ಜಿಲ್ಲೆಯನ್ನೂ ತಾಲ್ಲೂಕನ್ನೂ ಬದಲಿಸಿದ ಅನುಭವ ದೌರೊದ ಯಾವ ದ್ರಾಕ್ಷಿಗೂ ಇಲ್ಲ.

ಪಾನ ಪ್ರಕರಣ

ಮೊದಲಿಗೆ ಪೂರ್ವಸೂರಿಗಳ ಸ್ಮರಣೆ. ಡೊಮಿಂಗೊ ಪಾಯೆಸ್ ಎಂಬ ಪೋರ್ಚುಗೀಸ ಸುಮಾರು 1520ರಲ್ಲಿ ಹಂಪಿಗೆ ಬಂದವನು. ಜಗತ್ತೇ ಬೆರಗಾಗುವ ಪಟ್ಟಣದಲ್ಲಿ ನಿಂತು, ದ್ರಾಕ್ಷಿ ಒಂದು ಹಣಕ್ಕೆ ಮೂರು ಗೊಂಚಲು, ದಾಳಿಂಬೆ ಹಣಕ್ಕೆ ಹತ್ತು ಎಂದು ಬರೆದಿಟ್ಟ. ಎಲ್ಲಿ ಹೋದರೂ ಮೊದಲು ರೇಟು ಕೇಳುವ ನಗರವಾಸಿ ಪ್ರವಾಸಿಗರ ಕುಲಕ್ಕೆ ಈತನೇ ಮೂಲಪುರುಷ. ಹಂಪಿಯ ಹೊಳೆಯೇ ಈ ಸೀಮೆಯ ಹೊಳೆಯೂ ಆದ್ದರಿಂದ ಪ್ರಬಂಧಕಾರನೂ ರೇಟು ಕೇಳುತ್ತಲೇ ಕ್ಷೇತ್ರಕಾರ್ಯಕ್ಕೆ ಇಳಿದ.

ಹೆದ್ದಾರಿಯ ಪಕ್ಕ ‘ವೈನ್ಸ್’ ಎಂದು ಆಳೆತ್ತರದ ಅಕ್ಷರದಲ್ಲಿ ಬರೆದ ಅಂಗಡಿಯೊಂದು ಸಿಕ್ಕಿತು. ಕಬ್ಬಿಣದ ಜಾಲರಿಯ ಹಿಂದೆ ವಿಸ್ಕಿ, ಬ್ರಾಂಡಿ, ರಮ್ಮು, ಹಣ್ಣಿನ ರಸದ ಡಬ್ಬಿಯಂತೆ ಕಾಣುವ ಟೆಟ್ರಾ ಪ್ಯಾಕುಗಳು. ವೈನ್ ಮಾತ್ರ ಇರಲಿಲ್ಲ. ಬೋರ್ಡಿನಲ್ಲಿ ವೈನ್ ಇದ್ದು ಒಳಗೆ ಇಲ್ಲದಿರುವುದನ್ನು ತಾತ್ವಿಕರು ಅನುಪಸ್ಥಿತಿಯ ಉಪಸ್ಥಿತಿ ಎನ್ನುತ್ತಾರೆ. “ಪೋರ್ಟ್ ಇದೆಯಾ?” ಎಂದು ಕೇಳಿದ್ದಕ್ಕೆ ಅಂಗಡಿಯ ಹುಡುಗ ಕ್ಷಣ ಯೋಚಿಸಿ, “ಪೋರ್ಟ್ ಬೇಕಂದ್ರೆ ಮಂಗಳೂರಿಗೆ ಹೋಗ್ಬೇಕು ಸಾರ್” ಎಂದ. ದೌರೊ ಕಣಿವೆಯ ವೈನು ಪೀಪಾಯಿಗಳಲ್ಲಿ, ದೋಣಿಯ ಮೇಲೆ, ಕಡಲ ಬಾಯಿಯ ಬಂದರಿಗೆ ಇಳಿದು ಬಂದು ಆ ಬಂದರಿನ ಹೆಸರನ್ನೇ ಪಡೆಯಿತೆಂಬ ಚರಿತ್ರೆ ಇವನಿಗೆ ರಕ್ತಗತವಾಗಿದೆ ಎಂದು ಟಿಪ್ಪಣಿ ಮಾಡಿಕೊಳ್ಳಲಾಯಿತು.

ನಿಜವಾದ ಶೋಧ ಆದದ್ದು ಒಂದು ಅಡಿಕೆ ಖೇಣಿಯ (ಫಸಲು ಗುತ್ತಿಗೆಯ) ಅಂಗಳದಲ್ಲಿ. ಕೊಯ್ಲಿನ ಕಾಲ. ಒಂದು ಕಡೆ ಹೆಂಗಸರು ಅಡಿಕೆ ಸುಲಿಯುತ್ತ ಕೂತಿದ್ದರು. ಇನ್ನೊಂದು ಕಡೆ ಒಲೆಯ ಮೇಲಿನ ದೊಡ್ಡ ಹಂಡೆಯಲ್ಲಿ ಸುಲಿದ ಅಡಿಕೆ ಕುದಿಯುತ್ತಿತ್ತು. ಬೆಂದ ನೀರು, ಎಂದರೆ ಚೊಗರು, ಕಡುಗೆಂಪಾಗಿ, ಮಂದವಾಗಿ ಉಳಿದಿತ್ತು. ಗೋಡೆಯ ನೆರಳಿನಲ್ಲಿ ಸಾಲಾಗಿ ಡ್ರಮ್ಮುಗಳು. ಮುಚ್ಚಳ ತೆಗೆದರೆ ಒಳಗೂ ಅದೇ ದ್ರವ, ಇನ್ನಷ್ಟು ಕಪ್ಪಾಗಿ. “ಇದು ಹಳೇದು ಸಾರ್, ಹೊಸಾ ಹಂಡೆಗೆ ಇದನ್ನ ಬೆರೆಸ್ತೀವಿ, ಬಣ್ಣ ಚೆನ್ನಾಗಿ ಕಟ್ಟುತ್ತೆ” ಎಂದರು ಯಜಮಾನರು.

ಪ್ರಬಂಧಕಾರನಿಗೆ ರೋಮಾಂಚನವಾಯಿತು. ಪೋರ್ಟೊದ ಎದುರು ದಡದ ಗೈಯಾ ಪಟ್ಟಣದ ಉಗ್ರಾಣಗಳಲ್ಲಿ ಮರದ ಪೀಪಾಯಿಗಳೊಳಗೆ ವರ್ಷಗಟ್ಟಲೆ ಮಾಗಿಸಿ, ಹಳೆಯದನ್ನು ಹೊಸದಕ್ಕೆ ಬೆರೆಸುವ ವಿದ್ಯೆಯೇ ಅಲ್ಲವೇ ಇದು? ಕೂಡಲೇ ಅಂತರರಾಷ್ಟ್ರೀಯ ವಿಧಾನವನ್ನು ಅನುಸರಿಸಲಾಯಿತು. ಒಂದು ಸ್ಟೀಲ್ ಲೋಟದಲ್ಲಿ ಚೊಗರನ್ನು ತೆಗೆದು, ಬೆಳಕಿಗೆ ಹಿಡಿದು (ಸ್ಟೀಲಿನ ಮೂಲಕ ಬೆಳಕು ಬರಲಿಲ್ಲ), ಗಿರಗಿರನೆ ತಿರುಗಿಸಿ, ಮೂಗು ಇಳಿಸಿ, ಕಣ್ಣು ಮುಚ್ಚಿ ಆಘ್ರಾಣಿಸಲಾಯಿತು. ಸೌದೆಯ ಹೊಗೆ, ಒದ್ದೆ ಗೋಣಿಚೀಲ, ದೂರದಲ್ಲೆಲ್ಲೋ ಮಳೆ. ಬೆರಳ ತುದಿಯಲ್ಲಿ ನಾಲಿಗೆಗೆ ಮುಟ್ಟಿಸಿದ್ದೇ ತಡ, ನಾಲಿಗೆ ಒಳಕ್ಕೆ ಸುರುಟಿಕೊಂಡಿತು. ಕೆಂಪು ವೈನಿಗೆ ಒಗರು ಕೊಡುವ ಟ್ಯಾನಿನ್ ಅಡಿಕೆಯಲ್ಲೂ ಧಾರಾಳವಾಗಿದೆಯೆಂದು ರಸಾಯನಶಾಸ್ತ್ರ ಹೇಳುವುದನ್ನು ಇನ್ನು ಯಾರೂ ಪ್ರಬಂಧಕಾರನಿಗೆ ಕಲಿಸಬೇಕಾಗಿಲ್ಲ.

ಸುಲಿಯುತ್ತಿದ್ದ ಅಜ್ಜಿಯೊಬ್ಬರು ತಲೆಯೆತ್ತಿ ನೋಡಿದರು. “ಅದು ಕುಡಿಯಾದಲ್ಲಪ್ಪಾ, ಅಡಿಕಿಗೆ ಬಣ್ಣ ಹಾಕಾದು. ಅಂಗೀಗೆ ಬಿದ್ರೆ ಹೋಗಲ್ಲ ನೋಡು.”

ಅಂಗಿಗೆ ಬಿದ್ದಿತ್ತು. ಹೋಗಲಿಲ್ಲ. ಮಾದರಿಯನ್ನು ಅಂಗಿಯ ರೂಪದಲ್ಲೇ ಸಂರಕ್ಷಿಸಿಡಲಾಗಿದೆ.

ಭೋಜನ ಪ್ರಕರಣ

ಲಿಸ್ಬನ್ನಿನ ಹೋಟೆಲುಗಳಲ್ಲಿ ನಗರಪ್ರವಾಸಿ ಮೊದಲು ಕಲಿಯಬೇಕಾದ ಪಾಠ ಒಂದಿದೆ. ಕೂತ ತಕ್ಷಣ, ನೀವು ಕೇಳದಿದ್ದರೂ, ಬ್ರೆಡ್ಡು, ಆಲಿವ್ ಕಾಯಿ, ಚೀಸು ಮೇಜಿಗೆ ಬರುತ್ತವೆ. ಅತಿಥಿ ಸತ್ಕಾರವೆಂದು ಕೈ ಹಾಕಿದರೆ ಬಿಲ್ಲಿನಲ್ಲಿ ಸೇರುತ್ತದೆ, ಮುಟ್ಟದಿದ್ದರೆ ಇಲ್ಲ. ಅಲ್ಲಿನ ಜನರ ನಿತ್ಯದ ಹೆಮ್ಮೆ ಉಪ್ಪು ಹಚ್ಚಿ ಒಣಗಿಸಿದ ಕಾಡ್ ಮೀನು. ಅದು ಅವರ ಸಮುದ್ರದಲ್ಲಿ ಸಿಗುವುದಿಲ್ಲ, ಉತ್ತರದ ತಣ್ಣನೆಯ ಕಡಲಿನಿಂದ ಬರುತ್ತದೆ. ತಮ್ಮಲ್ಲಿಲ್ಲದ್ದನ್ನು ತಮ್ಮದೆಂದು ನಂಬಿ ಉಣ್ಣುವುದರಲ್ಲಿ ಆ ದೇಶಕ್ಕೂ ದಾವಣಗೆರೆ ಸೀಮೆಗೂ ಇರುವ ಬಾಂಧವ್ಯ ಮಂಡಕ್ಕಿ-ಮೆಣಸಿನಕಾಯಿಯಲ್ಲಿ ಗೋಚರವಾಗುತ್ತದೆ.

ಸಂಜೆ ದೀಪ ಹತ್ತುವ ಹೊತ್ತಿಗೆ ತಳ್ಳುಗಾಡಿಯ ಅಕ್ಕ ಕೆಲಸ ಶುರುಮಾಡುತ್ತಾರೆ. ಉದ್ದನೆಯ ತಿಳಿಹಸಿರು ಮೆಣಸಿನಕಾಯಿಯ ಹೊಟ್ಟೆ ಸೀಳಿ, ಅಜವಾನ, ಉಪ್ಪು, ಹುಣಸೆಹುಳಿ ಸವರಿ, ತೊಟ್ಟು ಹಿಡಿದು ಕಡ್ಲೆಹಿಟ್ಟಿನಲ್ಲಿ ಅದ್ದಿ, ಹೆಚ್ಚಿನ ಹಿಟ್ಟನ್ನು ಪಾತ್ರೆಯ ಅಂಚಿಗೆ ಒರೆಸಿ, ಎಣ್ಣೆಗೆ ಜಾರಿಸುತ್ತಾರೆ. ಆ ಒರೆಸುವ ಒಂದು ಗಳಿಗೆಯಲ್ಲೇ ಇಡೀ ವಿದ್ಯೆ ಇದೆ. ಹಿಟ್ಟು ಹೆಚ್ಚಾದರೆ ಬೋಂಡಾ, ಕಡಿಮೆಯಾದರೆ ಬರಿ ಮೆಣಸಿನಕಾಯಿ. ಜೊತೆಗೆ ಅರಿಶಿನದ ಒಗ್ಗರಣೆಯ ಮಂಡಕ್ಕಿ, ಹುರಿಗಡಲೆ ಪುಡಿ, ಹೆಚ್ಚಿದ ಈರುಳ್ಳಿ, ಹಳೆಯ ಪೇಪರಿನ ತುಂಡು.

ಈ ಮೆಣಸಿನಕಾಯಿ ಮೆಕ್ಸಿಕೊ, ದಕ್ಷಿಣ ಅಮೆರಿಕದ ಕಡೆಯದು. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸ್ ಹಡಗುಗಳಲ್ಲಿ ಗೋವೆಗೆ ಬಂದು, ಅಲ್ಲಿಂದ ಘಟ್ಟ ಹತ್ತಿತು. ಅದಕ್ಕೂ ಮುಂಚೆ ನಮ್ಮ ಖಾರ ಹೆಚ್ಚಾಗಿ ಕರಿಮೆಣಸಿನದು. ಅಂದರೆ, ಮೆಣಸು ಒಯ್ಯಲು ಬಂದವರು ಮೆಣಸಿನಕಾಯಿ ಬಿಟ್ಟು ಹೋದರು. ಆ ವ್ಯಾಪಾರದಲ್ಲಿ ಗೆದ್ದವರು ಯಾರೆಂದು ತಿಳಿಯಬೇಕಾದರೆ ಯಾರಾದರೂ ಪೋರ್ಚುಗೀಸರನ್ನು ಕರೆತಂದು ಇಲ್ಲಿ ಎರಡು ಮೆಣಸಿನಕಾಯಿ ತಿನ್ನಿಸಿ ನೋಡಬೇಕು.

ಉಳಿದದ್ದು ತಿಂಡಿಗೆ ತಕ್ಕ ಪೇಯವನ್ನು ಜೋಡಿಸುವ ಪ್ರಶ್ನೆ. ಪೋರ್ಟ್ ವೈನಿನಲ್ಲಿ ಮದ್ಯಸಾರ ಶೇಕಡಾ 20ರ ಆಸುಪಾಸು. ಹುದುಗುವಾಗಲೇ ದ್ರಾಕ್ಷಿಯ ಬ್ರಾಂಡಿ ಸುರಿದು ಹುದುಗು ನಿಲ್ಲಿಸುವುದರಿಂದ ಸಿಹಿಯೂ ಉಳಿಯುತ್ತದೆ, ಅಮಲೂ ಏರುತ್ತದೆ. ಆದರೆ ಮದ್ಯಸಾರ ಹೆಚ್ಚಿದ್ದಷ್ಟೂ ಖಾರದ ಉರಿ ಹೆಚ್ಚು. ಉರಿಯನ್ನು ಇಳಿಸುವುದು ಹಾಲಿನ ಪ್ರೋಟೀನು. ಹೀಗೆ ಶಾಸ್ತ್ರೋಕ್ತವಾಗಿ ಮೆಣಸಿನಕಾಯಿಗೆ ಮಜ್ಜಿಗೆಯೇ ಸರಿಜೋಡಿ ಎಂದು ಸಾಧಿಸಿ ಒಂದು ಲೋಟ ಕೇಳಿದರೆ, “ಮಜ್ಜಿಗೆ ಇಲ್ಲ, ಟೀ ಐತೆ” ಎಂದರು ಅಕ್ಕ. ನಷ್ಟವಿಲ್ಲ. 1662ರಲ್ಲಿ ಇಂಗ್ಲೆಂಡಿನ ದೊರೆ ಎರಡನೆಯ ಚಾರ್ಲ್ಸನನ್ನು ಮದುವೆಯಾಗಿ ಹೋದ ಪೋರ್ಚುಗಲ್ಲಿನ ರಾಜಕುಮಾರಿ ಕ್ಯಾಥರೀನ್ ವರದಕ್ಷಿಣೆಯಾಗಿ ಮುಂಬಯಿಯನ್ನು ಒಯ್ದದ್ದಲ್ಲದೆ ಅಲ್ಲಿನ ಅರಮನೆಯಲ್ಲಿ ಟೀ ಕುಡಿಯುವುದನ್ನು ಫ್ಯಾಷನ್ ಮಾಡಿದಳು. ಆದ್ದರಿಂದ ಬೈಟೂ ಟೀ ಕೂಡ ಪೋರ್ಚುಗೀಸ್ ಪಾನವೇ. ಬಿಸಿ ಟೀಯಿಂದ ಖಾರ ಇನ್ನೂ ಏರುತ್ತದಲ್ಲ ಎಂಬ ಆಕ್ಷೇಪ ಬರಬಹುದು. ಬಂತು. ಕಣ್ಣಲ್ಲಿ ನೀರೂ ಬಂತು.

ಈರುಳ್ಳಿಯನ್ನು ಮಾತ್ರ, ಲಿಸ್ಬನ್ನಿನ ಪಾಠ ನೆನಪಿಟ್ಟು, ಪ್ರಬಂಧಕಾರ ಮುಟ್ಟಿರಲಿಲ್ಲ. ಅಕ್ಕ ಅದನ್ನು ನೋಡಿ, “ಯಾಕ್ ಸಾರ್, ಈರುಳ್ಳಿ ತಿನ್ನಲ್ವಾ?” ಎಂದರು. ಇದಕ್ಕೆ ಬೇರೆ ದುಡ್ಡೇ ಎಂದು ಕೇಳಿದ್ದಕ್ಕೆ, ಬಾಣಲೆಯ ಪಕ್ಕದಲ್ಲಿದ್ದವರೆಲ್ಲ ತಿರುಗಿ ನೋಡುವಂತೆ, “ಈರುಳ್ಳಿಗೆ ಯಾರಾದ್ರೂ ದುಡ್ಡು ತಗಂತಾರೇನ್ರೀ?” ಎಂದು ಇನ್ನೊಂದು ಹಿಡಿ ಹಾಕಿದರು. ಲಿಸ್ಬನ್ನಿನಲ್ಲಿ ತಗೊಳ್ಳುತ್ತಾರೆಂದು ಸವಿವರವಾಗಿ ನಿರೂಪಿಸಲಾಯಿತು. ಅವರು ನಂಬಲಿಲ್ಲ.