ಗಗನದ ಕೆಲಸ ಗಗನಕ್ಕೆ, ಮುಗಿಲಿನದು ಮುಗಿಲಿಗೆ

ಈರುಳ್ಳಿ ಬೆಲೆ ಎಲ್ಲಿಗೆ ಏರುತ್ತದೆ, ಹೇಳಿ ನೋಡೋಣ? ಗಗನಕ್ಕೆ. ಬಾನಿಗೆ ಏರಿತು ಅಂತ ಯಾವ ಪತ್ರಿಕೆಯಾದರೂ ಬರೆದದ್ದುಂಟೇ? ಆಕ್ರಂದನ ಮಾತ್ರ ಗಗನದ ಕಡೆ ತಲೆ ಹಾಕುವುದಿಲ್ಲ, ನೇರ ಮುಗಿಲು ಮುಟ್ಟುತ್ತದೆ. ತಲೆಯ ಮೇಲೆ ಕಳಚಿ ಬೀಳುವ ಕೆಲಸ ಆಕಾಶದ್ದು. ಹಿಗ್ಗಿದವನಿಗೆ ಮೂರೇ ಗೇಣು ದೂರದಲ್ಲಿ ನಿಲ್ಲುವುದೂ ಅದೇ. ಮೇಲಿರುವುದು ಒಂದೇ ನೀಲಿ, ಬೆಂಗಳೂರಿನಲ್ಲಿ ಅದೂ ಬೂದಿ. ಆದರೂ ಒಬ್ಬರ ಕುರ್ಚಿಯಲ್ಲಿ ಇನ್ನೊಬ್ಬರು ಕೂರುವ ಹಾಗಿಲ್ಲ! ಗಗನಸಖಿಯನ್ನು ‘ಆಕಾಶಸಖಿ’ ಅಂದು ನೋಡಿ, ಯಾವುದೋ ಪೌರಾಣಿಕ ನಾಟಕದ ಪಾತ್ರ ಅಂದುಕೊಂಡಾರು.

ಬಾನು, ಪಾಪ, ಕವಿಗಳ ಪಾಲಾಯಿತು. ಅದಕ್ಕೆ ಸಿಕ್ಕಿದ್ದ ಒಂದೇ ನೌಕರಿ ಬಾನುಲಿ. ಅಲ್ಲೂ ಆಕಾಶವಾಣಿಯೇ ಗೆದ್ದಿತು. ಹಿಂದೆ ಆಕಾಶವಾಣಿ ಕೇಳಿಸುತ್ತಿದ್ದದ್ದು ಕಂಸನಂಥವರಿಗೆ, ಅದೂ ಕೆಟ್ಟ ಸುದ್ದಿ, ಮರುಪ್ರಸಾರವೂ ಇಲ್ಲ. 1935ರಲ್ಲಿ ಮನಶ್ಶಾಸ್ತ್ರದ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ತೆರೆದ ಮೇಲೆ ನಮ್ಮ ನಿಮ್ಮಂಥವರ ಕಿವಿಗೂ ಬಿತ್ತು. ಹೆಸರು ಸೂಚಿಸಿದವರು ನಾ. ಕಸ್ತೂರಿ ಎನ್ನುತ್ತಾರೆ. ‘ಅನರ್ಥಕೋಶ’ ಬರೆದ ಅದೇ ಕಸ್ತೂರಿಯವರು! ಪದಗಳ ಅರ್ಥ ಕೆಡಿಸಿ ನಗಿಸುತ್ತಿದ್ದವರು ಇಟ್ಟ ಹೆಸರೇ ಮುಂದೆ ಇಡೀ ದೇಶದ ರೇಡಿಯೋಕ್ಕೆ ಅಂಟಿಕೊಂಡಿತು. ಶಾಸ್ತ್ರಿಗಳೂ ತಕರಾರು ತೆಗೆಯುವಂತಿಲ್ಲ: ಪಂಚಭೂತಗಳಲ್ಲಿ ಆಕಾಶದ ಗುಣ ಶಬ್ದವೇ ತಾನೇ?

ಮುಗಿಲಿನ ವ್ಯಾಜ್ಯ ಬೇರೆ. ಧಾರವಾಡದ ಕಡೆ ಮುಗಿಲೆಂದರೆ ಆಕಾಶ, ಮೈಸೂರಿನ ಕಡೆ ಮೋಡ. “ಮುಗಿಲು ನೋಡ್ರಿ ಬೀಗರ, ಎಷ್ಟು ಸ್ವಚ್ಛ ಐತಿ” ಅಂತ ಹುಬ್ಬಳ್ಳಿಯವರು ಅಂದರೆ, ಮೈಸೂರಿನ ಬೀಗರು ಇಲ್ಲದ ಮೋಡ ಹುಡುಕಿ ಕತ್ತು ಉಳುಕಿಸಿಕೊಳ್ಳಬೇಕು.

ನನಗೆ ಮಾತ್ರ ಇವೆಲ್ಲಕ್ಕಿಂತ ಅಂಬರದ ಮೇಲೆ ಪ್ರೀತಿ. ಆಕಾಶವೂ ಹೌದು, ಬಟ್ಟೆಯೂ ಹೌದು. ಪೀತಾಂಬರನಿಗೆ ಹಳದಿ ರೇಷ್ಮೆ. ದಿಗಂಬರನಿಗೆ ದಿಕ್ಕುಗಳೇ ಉಡುಗೆ. ಶ್ರವಣಬೆಳಗೊಳದ ಗೊಮ್ಮಟನದೋ 58 ಅಡಿಯ ಮೈ, ಆ ಅಳತೆಗೆ ಇನ್ಯಾವ ಅಂಗಡಿಯಲ್ಲಿ ಬಟ್ಟೆ ಸಿಕ್ಕೀತು? ಸಾಲದ್ದಕ್ಕೆ ಆಕಾಶ ನಮ್ಮ ಬಾಯಿಗೆ ಬಿದ್ದು ಆಗಸವಾಯಿತು. ಅದರ ದೀರ್ಘ ಒಂದನ್ನು ನುಂಗಿದರೆ ಅಗಸ. ಅಂಬರ ಬಟ್ಟೆ, ಒಗೆಯುವವನು ಅಗಸ, ನೀರಂತೂ ಮೇಲಿಂದಲೇ ಸರಬರಾಜು. ‘ಅಗಸದಿಂದ ಮಳೆ ಸುರಿಯಿತು’ ಎಂದು ಯಾವ ಹುಡುಗನಾದರೂ ಪರೀಕ್ಷೆಯಲ್ಲಿ ಬರೆದರೆ ಮೇಷ್ಟ್ರು ಕೆಂಪು ಗೀಟು ಎಳೆಯುತ್ತಾರೆ. ನನ್ನನ್ನು ಕೇಳಿದರೆ ಪೂರ್ತಿ ಅಂಕ ಕೊಡಬೇಕು.